ಸರಿಹೋದ ಪಂಪನ್ನು ಮತ್ತೆ ಬಿಚ್ಚಿದ್ದೇಕೆ?

ಗದಗದ ಕಡೆಯ ಒಂದು ಊರಿನಲ್ಲಿ ದಾನಿಯೇಲಪ್ಪ ಎಂಬುವನಿದ್ದ. ಕೈಪಂಪು ರಿಪೇರಿ ಅವನ ಕೆಲಸ. ಸುತ್ತಲಿನ ನಲವತ್ತು ಹಳ್ಳಿಗಳ ಬೋರಿಂಗ್‌ಗಳನ್ನು ಮೂವತ್ತೊಂದು ವರ್ಷ ಅವನೊಬ್ಬನೇ ನೋಡಿಕೊಂಡ. ಯಾವ ಊರಲ್ಲಿ ಪಂಪು ಕೆಟ್ಟರೂ ಜನ ಅವನ ಸೈಕಲ್ ಬರುವ ದಾರಿಯನ್ನೇ ನೋಡುತ್ತಿದ್ದರು. "ದಾನಿಯೇಲಪ್ಪ ಮುಟ್ಟಿದರ ಸಾಕು, ನೀರು ಬಂದಂಗ" ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಹಿಗ್ಗು.

ನಿವೃತ್ತಿಯಾದ ಮೇಲೆ ಅವನು ತನ್ನ ಊರಿನ ಚರ್ಚಿನಲ್ಲಿ ಗಂಟೆ ಬಾರಿಸುವುದು, ಬೆಂಚು ಒರೆಸುವುದು, ಭಾನುವಾರ ಮೈಕು ಜೋಡಿಸುವುದು, ಇಷ್ಟು ಮಾಡಿಕೊಂಡಿದ್ದ.

ಒಂದು ವರ್ಷ ಆ ಚರ್ಚಿನ ಸಭಾಪಾಲಕರಾದ ಇಮ್ಮಾನುವೇಲ ಅಯ್ಯನವರು ಒಂದು ತಂಡ ಕಟ್ಟಿದರು. ಆಫ್ರಿಕಾದ ಜಾಂಬಿಯಾ ದೇಶದ ಚಿಲಿಂಬೆ ಎಂಬ ಹಳ್ಳಿಗೆ ಹೋಗುವುದು, ಎರಡು ವಾರ ಅಲ್ಲಿದ್ದು ಮಕ್ಕಳ ಮತ್ತು ಮನೆಮಂದಿಯ ಸೇವೆ ಮಾಡುವುದು ಎಂದು ತೀರ್ಮಾನವಾಯಿತು. ಹಾಡು ಕಲಿಸಲು ಇಬ್ಬರು ಸಂಡೇ ಸ್ಕೂಲ್ ಟೀಚರುಗಳು, ನಾಟಕ ಆಡಿಸಲು ಮೂವರು ಯುವಕರು, ಔಷಧಿ ಕೊಡಲು ಪ್ರಿಸ್ಕಿಲ್ಲ ಎಂಬ ನರ್ಸ್ ಹೊರಟು ನಿಂತರು. ಮೈಕು, ಡೇರೆ, ಸಾಮಾನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಯ್ಯನವರು ದಾನಿಯೇಲಪ್ಪನನ್ನು ಕರೆದರು.

"ನನಗ ಇಂಗ್ಲಿಷ್ ಬರಂಗಿಲ್ರಿ ಅಯ್ಯನೋರ" ಅಂದ ದಾನಿಯೇಲಪ್ಪ.

"ವೈರು ಜೋಡಿಸಲು ಇಂಗ್ಲಿಷ್ ಯಾಕಪ್ಪಾ? ಸುಮ್ಮನೆ ಬಾ" ಎಂದು ಅಯ್ಯನವರು ನಕ್ಕರು.

ಚಿಲಿಂಬೆ ಚಿಕ್ಕ ಹಳ್ಳಿ. ಹುಲ್ಲು ಹೊದಿಸಿದ ದುಂಡನೆಯ ಮನೆಗಳು, ಒಂದು ಶಾಲೆ, ಶಾಲೆಯ ಮುಂದೆ ಅಗಲವಾದ ಮಾವಿನ ಮರ. ಆ ಊರಿನ ಹೆಚ್ಚಿನ ಗಂಡಸರು ದೂರದ ತಾಮ್ರದ ಗಣಿಗಳಿಗೆ ದುಡಿಯಲು ಹೋಗಿ, ವರ್ಷಕ್ಕೊಮ್ಮೆ ಮನೆಗೆ ಬರುವವರು. ಊರಲ್ಲಿ ಉಳಿಯುವವರು ಹೆಂಗಸರು, ಮಕ್ಕಳು, ಮುದುಕರು.

ಮೊದಲ ದಿನ ಮಾವಿನ ಮರದ ಕೆಳಗೆ ಇಡೀ ಊರೇ ಸೇರಿತು. ಚಿತ್ರ ಬಿಡಿಸುವ ಬಣ್ಣದ ಕಡ್ಡಿಗಳನ್ನು ಹಂಚಿದರು, ಹಾಡಿದರು, ಕುಣಿದರು. ಅಯ್ಯನವರ ಮುಖ ಅರಳಿತು. ಎರಡನೆಯ ದಿನ ಅರ್ಧ ಜನ ಬಂದರು. ಮೂರನೆಯ ದಿನ ಹುಡುಗರೂ ಚಿಕ್ಕ ಮಕ್ಕಳೂ ಮಾತ್ರ. ದೊಡ್ಡ ಹುಡುಗಿಯರು ಒಬ್ಬರೂ ಇಲ್ಲ.

ಅಯ್ಯನವರಿಗೆ ಬೇಸರವಾಯಿತು. ಆ ಊರಿನ ಶಾಲೆಯ ಮ್ವಾಲೆ ಮೇಷ್ಟ್ರನ್ನು ಕೇಳಿದರು, "ನಮ್ಮ ಹಾಡು ಮಕ್ಕಳಿಗೆ ಹಿಡಿಸಲಿಲ್ಲವೇ?"

ಮೇಷ್ಟ್ರು ನೆಲ ನೋಡಿದರು. "ಹಾಡು ತುಂಬಾ ಹಿಡಿಸಿದೆ. ಮೊದಲ ದಿನ ಹಾಡು ಕೇಳಲೆಂದು ನೀರಿಗೆ ಹೋಗದೆ ಉಳಿದರು. ಎಷ್ಟು ದಿನ ಹಾಗಿರಲು ಆಗುತ್ತೆ? ಹುಡುಗಿಯರೆಲ್ಲ ನೀರಿಗೆ ಹೋಗಿದ್ದಾರೆ."

ಮೈಕು ಜೋಡಿಸಿ ಸುಮ್ಮನೆ ಕೂತಿದ್ದ ದಾನಿಯೇಲಪ್ಪನಿಗೆ ಪ್ರಿಸ್ಕಿಲ್ಲ ಇದನ್ನು ಕನ್ನಡದಲ್ಲಿ ಹೇಳಿದಳು. ಅವನು ಎದ್ದು ಹುಡುಗಿಯರು ಹೋದ ಕಾಲುದಾರಿ ಹಿಡಿದ.

ಒಂದು ಗಂಟೆಗೂ ಹೆಚ್ಚು ನಡೆದ. ಮುಂದೆ ಒಣಗಿದ ಹಳ್ಳ ಸಿಕ್ಕಿತು. ಹುಡುಗಿಯರು ಮರಳು ತೋಡಿ, ಗುಂಡಿಯಲ್ಲಿ ಜಿನುಗುವ ಕೆಂಪು ನೀರನ್ನು ಲೋಟದಲ್ಲಿ ಮೊಗೆದು ಕ್ಯಾನಿಗೆ ತುಂಬುತ್ತಿದ್ದರು. ಒಂದು ಕ್ಯಾನು ತುಂಬಲು ಬಹಳ ಹೊತ್ತು ಬೇಕಿತ್ತು. ಗುಂಡಿಯ ಇನ್ನೊಂದು ಅಂಚಿನಲ್ಲಿ ದನಗಳು ಕಾಲಿಟ್ಟು ಕುಡಿಯುತ್ತಿದ್ದವು. ಊರಲ್ಲಿ ಅಷ್ಟು ಮಕ್ಕಳಿಗೆ ಹೊಟ್ಟೆನೋವು ಯಾಕೆ, ಪ್ರಿಸ್ಕಿಲ್ಲಳ ಔಷಧಿ ಡಬ್ಬಿ ಎರಡೇ ದಿನಕ್ಕೆ ಯಾಕೆ ಅರ್ಧವಾಯಿತು ಎಂಬುದು ಅವನಿಗೆ ಅಲ್ಲಿ ತಿಳಿಯಿತು.

ಹುಡುಗಿಯರ ಹಿಂದೆಯೇ ವಾಪಸ್ ಬರುವಾಗ ಊರಿನ ಅಂಚಿನಲ್ಲಿ, ಮುಳ್ಳುಕಂಟಿಯ ನಡುವೆ, ಒಂದು ಕಬ್ಬಿಣದ ತಲೆ ಕಂಡಿತು. ದಾನಿಯೇಲಪ್ಪ ಗಕ್ಕನೆ ನಿಂತ. ಕಂಟಿ ಸರಿಸಿದ. ಉದ್ದನೆಯ ಹಿಡಿಕೆ, ಒಳಗೆ ಸರಪಳಿ, ಮುಂದೆ ಬಾಗಿದ ಮೂತಿ. ತಾನು ಮೂವತ್ತೊಂದು ವರ್ಷ ಬಿಚ್ಚಿ ಜೋಡಿಸಿದ ಅದೇ ಜಾತಿಯ ಕೈಪಂಪು!

"ಅಯ್ಯ ನಮ್ಮಪ್ಪ, ನೀ ಇಲ್ಲೂ ಇದ್ದೀ ಏನು?" ಅಂತ ಅದರ ಬೆನ್ನು ತಟ್ಟಿದ. ಪಂಪಿನ ಜೊತೆ ಮಾತಾಡುವ ಮುದುಕನನ್ನು ನೋಡಿ ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಆ ಪಂಪು ಕೆಟ್ಟು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲೊಮ್ಮೆ ಕೆಟ್ಟಾಗ ಪಟ್ಟಣದಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದನಂತೆ. ಯಾರನ್ನೂ ಹತ್ತಿರ ಬಿಡದೆ ರಿಪೇರಿ ಮಾಡಿ ಹೋದನಂತೆ. ಮುಂದೆ ಕೆಲವೇ ತಿಂಗಳಿಗೆ ಮತ್ತೆ ನಿಂತಿತು. ಅವನು ತಿರುಗಿ ಬರಲಿಲ್ಲ. ಪಂಪಿನ ಜೊತೆ ಬಂದಿದ್ದ, ಬೋಲ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಶಾಲೆಯ ಮೂಲೆಯಲ್ಲಿ ಹಾಗೇ ಬಿದ್ದಿತ್ತು.

ದಾನಿಯೇಲಪ್ಪ ಸುದ್ದಿ ತಿಳಿಸಿದಾಗ ಅಯ್ಯನವರು ಅವನ ಕೈ ಹಿಡಿದುಕೊಂಡರು. "ಇದನ್ನು ಸರಿಮಾಡಲು ಎಷ್ಟು ದಿನ ಬೇಕು?"

"ವಾಷರ್ ತರಿಸಿಕೊಟ್ಟರ ಒಂದು ದಿನದ ಕೆಲಸ ರಿ."

ತಂಡದ ಗಾಡಿ ಪಟ್ಟಣಕ್ಕೆ ಹೋಗಿ ವಾಷರುಗಳನ್ನು ತಂದಿತು. ಮೂವರು ಯುವಕರ ನೆರವಿನಿಂದ ದಾನಿಯೇಲಪ್ಪ ಪಂಪಿನ ತಲೆ ಇಳಿಸಿದ. ಹತ್ತಡಿಯ ಒಂಬತ್ತು ಪೈಪುಗಳನ್ನು ಒಂದೊಂದಾಗಿ ಮೇಲೆಳೆದ. ತುದಿಯಲ್ಲಿದ್ದ, ನೀರೆಳೆಯುವ ಸಿಲಿಂಡರ್ ಬಿಚ್ಚಿದ. ಸವೆದ ವಾಷರ್ ತೆಗೆದು ಹೊಸದು ಹಾಕಿದ. ಮಧ್ಯಾಹ್ನಕ್ಕೆ ಎಲ್ಲ ತಿರುಗಿ ಒಳಗಿಳಿಸಿ ಹಿಡಿಕೆ ಒತ್ತಿದ. ಮೊದಲು ಗೊರಗೊರ ಸದ್ದು, ಆಮೇಲೆ ಕೆಸರು ನೀರು. ನೋಡನೋಡುತ್ತಿದ್ದಂತೆ ತಿಳಿ ನೀರು ಬಂತು.

ಊರು ಹುಚ್ಚೆದ್ದು ಕುಣಿಯಿತು. ಮುದುಕಿಯರು ನೀರನ್ನು ಮುಖಕ್ಕೆ ಎರಚಿಕೊಂಡರು. ತಾಯಂದಿರು ಮಕ್ಕಳನ್ನು ಪಂಪಿನ ಮೂತಿಗೇ ಹಿಡಿದು ಸ್ನಾನ ಮಾಡಿಸಿದರು. ಮರುದಿನ ಬೆಳಗ್ಗೆ ಮಾವಿನ ಮರದ ಕೆಳಗೆ ಹುಡುಗಿಯರೆಲ್ಲ ಬಂದು ಕೂತಿದ್ದರು. ಅಯ್ಯನವರ ಕಣ್ಣು ತುಂಬಿ ಬಂತು.

"ನೀನು ದೇವರು ಕಳಿಸಿದ ಮನುಷ್ಯ ಕಣಪ್ಪಾ" ಅಂದರು. "ಕೊನೆಯ ದಿನ ಪಂಪಿನ ಹತ್ತಿರವೇ ಪ್ರಾರ್ಥನೆ ಇಟ್ಟುಕೊಳ್ಳೋಣ. ನಿನ್ನನ್ನು ನಿಲ್ಲಿಸಿ ವಿಡಿಯೋ ಮಾಡೋಣ. ನಮ್ಮ ಊರಿನವರೆಲ್ಲ ನೋಡಲಿ."

ದಾನಿಯೇಲಪ್ಪ ತಲೆಯಾಡಿಸಿದ. ಆದರೆ ಅವನಿಗೆ ಊಟ ಸೇರಲಿಲ್ಲ. ಆ ದಿನವೆಲ್ಲ ಪಂಪಿನ ಹತ್ತಿರ ಒಬ್ಬನೇ ಕೂತಿದ್ದ. ನೀರಿಗೆ ಬಂದ ಪ್ರತಿ ಹೆಂಗಸೂ ಅವನ ಕೈಗೆ ಹಣೆ ಮುಟ್ಟಿಸಿ ಹೋಗುತ್ತಿದ್ದಳು. ಒಬ್ಬ ಮುದುಕ ಅವನ ಅಂಗೈ ಬಿಡಿಸಿ ನೋಡಿ ಏನೋ ಹೇಳಿದ. ಮೇಷ್ಟ್ರು ಅದನ್ನು ಪ್ರಿಸ್ಕಿಲ್ಲಳಿಗೆ ಹೇಳಿದರು, ಪ್ರಿಸ್ಕಿಲ್ಲ ಅವನಿಗೆ ಹೇಳಿದಳು: "ನಿನ್ನ ಕೈಯಲ್ಲೇ ನೀರಿದೆ ಅಂತಾನೆ, ಕಾಕಾ."

ದಾನಿಯೇಲಪ್ಪ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಮರುದಿನ ಬೆಳಗ್ಗೆ ನೀರಿಗೆ ಬಂದ ಹೆಂಗಸರು ನೋಡುತ್ತಾರೆ, ದಾನಿಯೇಲಪ್ಪ ಪಾನಾ ಹಿಡಿದು ಪಂಪಿನ ಬೋಲ್ಟು ಸಡಿಲಿಸುತ್ತಿದ್ದಾನೆ! ಅವರೆಲ್ಲ ಕೂಗಿಕೊಂಡರು. ಮುಂದೆ ಇದ್ದವಳ ಹೆಸರು ಝೆಲಿಪಾ. ನಾಲ್ಕು ಮಕ್ಕಳ ತಾಯಿ, ಗಂಡ ಗಣಿಯಲ್ಲಿದ್ದ. ಅವಳು ಕೊಡ ಕೆಳಗಿಟ್ಟು ಬಂದು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಗಲಾಟೆ ಕೇಳಿ ಮೇಷ್ಟ್ರು, ಪ್ರಿಸ್ಕಿಲ್ಲ, ಅಯ್ಯನವರು ಓಡಿ ಬಂದರು.

"ಏನು ಮಾಡ್ತಾ ಇದ್ದೀಯಾ?" ಅಯ್ಯನವರಿಗೆ ಸಿಟ್ಟು ಬಂದಿತ್ತು. "ಮಕ್ಕಳ ಬಾಯಿಗೆ ಬಂದ ನೀರನ್ನು ಕಿತ್ತುಕೊಳ್ತೀಯೇನು?"

"ಅಯ್ಯನೋರ, ನಾ ಹೋದ ಮ್ಯಾಲ ಇದು ಕೆಡತೈತಿ. ಇದು ಕೆಡೋ ವಸ್ತುನೇ. ಆಗ ಇವರು ಯಾರ ದಾರಿ ನೋಡಬೇಕ್ರಿ? ನನ್ನ ಕಣ್ಣ ಮುಂದ ಇವರೇ ಬಿಚ್ಚಿ ಇವರೇ ಜೋಡಸಬೇಕು. ಅದಕ್ಕ ಬಿಚ್ಚಾಕತ್ತೀನಿ."

ಮಾತು ಮೂರು ಬಾಯಿ ದಾಟಿ ಝೆಲಿಪಾಳನ್ನು ಮುಟ್ಟಿತು. ಅವಳು ಹಿಡಿದ ಕೈ ಬಿಡಲಿಲ್ಲ. "ಬಿಚ್ಚುವ ಮುಂಚೆ ನಮ್ಮನ್ನು ಕೇಳಿದೆಯಾ?" ಅಂದಳು. "ನೀರು ನಮ್ಮದು. ಮಕ್ಕಳು ನಮ್ಮವರು. ನೀನು ಕೇಳದೆ ಸರಿಮಾಡಿದೆ, ಈಗ ಕೇಳದೆ ಬಿಚ್ಚುತ್ತೀಯಾ?"

ದಾನಿಯೇಲಪ್ಪನ ಮುಖ ಸಪ್ಪಗಾಯಿತು. ಅವನು ಪಾನಾ ಕೆಳಗಿಟ್ಟ. "ಖರೇ ಅದ, ತಂಗಿ. ಕೇಳಲಿಲ್ಲ. ನಂದು ತಪ್ಪಾತು" ಅಂದ. ಆಮೇಲೆ ಪಂಪಿನ ಕಟ್ಟೆಯ ಮೇಲೆ ಕೂತು, ತನ್ನ ಹೆಂಡತಿಗೂ ಪೂರ್ತಿ ಹೇಳದಿದ್ದ ಒಂದು ವಿಷಯವನ್ನು ಆ ಹೆಂಗಸರಿಗೆ ಹೇಳಿದ.

ಅವನಿಗೆ ನಲವತ್ತು ವರ್ಷ ಆಗಿದ್ದಾಗ ವಿಷಮಜ್ವರ ಬಂದು ಮೂರು ವಾರ ಮಲಗಿದ್ದ. ಅದೇ ಹೊತ್ತಿಗೆ ಒಂದು ಊರಿನ ಪಂಪು ಕೆಟ್ಟಿತು. ಅದನ್ನು ಬಿಚ್ಚುವುದು ಬೇರೆ ಯಾರಿಗೂ ಗೊತ್ತಿರಲಿಲ್ಲ. ದಾನಿಯೇಲಪ್ಪ ಬರಲಿ ಅಂತ ಊರು ಕಾಯಿತು. ಆ ಊರಿನ ಒಂಬತ್ತು ವರ್ಷದ ಹುಡುಗಿಯೊಬ್ಬಳು ನೀರು ತರಲು ಕಲ್ಲುಗಣಿಯ ಹೊಂಡಕ್ಕೆ ಇಳಿದವಳು ಮೇಲೆ ಬರಲಿಲ್ಲ.

"ಆಕಿ ಅಪ್ಪ ಅವ್ವ ನನಗ ಒಂದು ಮಾತು ಅನಲಿಲ್ಲ. ನಿನಗ ಜ್ವರ ಇತ್ತು, ನೀ ಏನು ಮಾಡ್ತಿ ಅಂದ್ರು. ಜ್ವರ ಬಂದದ್ದು ನನ್ನ ತಪ್ಪಲ್ಲ, ಖರೇ. ಆದರ ಆ ಊರಾಗ ಕಲೀತೀವಿ ಅಂತ ಇಬ್ಬರು ಮೊದಲ ನನ್ನ ಹಂತ್ಯಾಕ ಬಂದಿದ್ರು. ನಾ ಕಲಿಸಲಿಲ್ಲ. ದಾನಿಯೇಲಪ್ಪನೇ ಬರಬೇಕು ಅಂತ ಜನ ಅಂತಿದ್ರಲ್ಲ, ಅದು ನನಗ ಸಿಹಿ ಅನಸ್ತಿತ್ತು. ಅದು ನನ್ನ ತಪ್ಪು."

ಪ್ರಿಸ್ಕಿಲ್ಲ ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಎರಡು ಸಲ ನಿಲ್ಲಿಸಿದಳು. ಮೇಷ್ಟ್ರು ತಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿ ಮುಗಿಸಿದರು.

ದಾನಿಯೇಲಪ್ಪ ಕೈ ಮುಗಿದ. "ಈಗ ಕೇಳತೀನಿ. ಬಿಚ್ಚೋಣೇನು?"

ಹೆಂಗಸರು ಪಕ್ಕಕ್ಕೆ ಹೋಗಿ ಬಹಳ ಹೊತ್ತು ಮಾತಾಡಿದರು. ಕೆಲವರು ಬೇಡವೆಂದರು. ಪೈಪು ಕೈಜಾರಿ ಒಳಗೆ ಬಿದ್ದರೆ ಕೊಳವೆಬಾವಿಯೇ ಹಾಳು, ಆಮೇಲೆ ಯಾವ ಮೆಕ್ಯಾನಿಕ್ ಬಂದರೂ ಪ್ರಯೋಜನವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಝೆಲಿಪಾ ಬಂದು ಹೇಳಿದಳು: "ಮೊದಲು ಊರಿನ ಎಲ್ಲ ಕೊಡ, ಎಲ್ಲ ಕ್ಯಾನು ತುಂಬಿಸಿಕೊಳ್ಳುತ್ತೇವೆ. ಆಮೇಲೆ ಬಿಚ್ಚುತ್ತೇವೆ. ನೀನಲ್ಲ, ನಾವು. ಆದರೆ ಪಂಪಿನಲ್ಲಿ ನೀರು ಬರುವವರೆಗೆ ನೀನು ಈ ಊರು ಬಿಡುವಂತಿಲ್ಲ."

"ಬಿಡಂಗಿಲ್ಲ" ಅಂದ ದಾನಿಯೇಲಪ್ಪ.

ಅಯ್ಯನವರು ಹಿಂದೆ ಮುಂದೆ ನಡೆದಾಡಿದರು. ವಿಮಾನ ಹತ್ತುವ ದಿನ ಹತ್ತಿರವಿತ್ತು. ಮಕ್ಕಳ ಕಾರ್ಯಕ್ರಮ ಅರ್ಧಕ್ಕೆ ನಿಲ್ಲುತ್ತಿತ್ತು. ಕೆಲಸ ಕೆಟ್ಟರೆ ತಾವು ಬಂದದ್ದೇ ಈ ಊರಿಗೆ ಹಾನಿ ಎಂದಾಗುತ್ತಿತ್ತು. ಬಹಳ ಹೊತ್ತಿನ ನಂತರ ಅವರು ಯುವಕರನ್ನು ಕರೆದು, "ಮೈಕು, ಚಾಪೆ ಎಲ್ಲ ಪಂಪಿನ ಹತ್ತಿರ ತನ್ನಿ. ತಾಯಂದಿರು ಕಲಿಯುವಷ್ಟು ಹೊತ್ತು ಮಕ್ಕಳನ್ನು ನಾವು ನೋಡಿಕೊಳ್ಳೋಣ" ಅಂದರು.

ಏಳು ಜನ ಹೆಂಗಸರು ಕಲಿಯಲು ಮುಂದೆ ಬಂದರು. ದಾನಿಯೇಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಬಾಯಿಂದ ಹೇಳುತ್ತಿದ್ದ, ಕಣ್ಣಿಂದ ತೋರಿಸುತ್ತಿದ್ದ, ಕೈ ಮಾತ್ರ ಮುಂದೆ ತರಲಿಲ್ಲ. ಮೊದಲ ದಿನ ಪಂಪಿನ ತಲೆ ಇಳಿಸುವುದರಲ್ಲೇ ಹೊತ್ತು ಹೋಯಿತು. ಒಬ್ಬಳ ಬೆರಳು ಜಜ್ಜಿತು, ಪ್ರಿಸ್ಕಿಲ್ಲ ಪಟ್ಟಿ ಕಟ್ಟಿದಳು. ಆಚೆ ನೆರಳಲ್ಲಿ ಟೀಚರುಗಳು ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಕ್ಕಳೇ ಟೀಚರುಗಳಿಗೆ ತಮ್ಮ ಹಾಡು ಕಲಿಸತೊಡಗಿದರು.

ಎರಡನೆಯ ದಿನ ಪೈಪು ಎತ್ತುವ ಕೆಲಸ. ನಾಲ್ಕು ಪೈಪು ಸರಿಯಾಗಿ ಬಂದವು. ಐದನೆಯದನ್ನು ಹಿಡಿದಿದ್ದ ಕ್ಲಾಂಪು ಸಡಿಲವಿತ್ತು. ಪೈಪು ಸರ್ರನೆ ಕೆಳಗೆ ಜಾರಿತು. ಹೆಂಗಸರು ಚೀರಿದರು. ದಾನಿಯೇಲಪ್ಪನ ಕೈ ತಾನಾಗಿಯೇ ಮುಂದೆ ಬಂತು. ಅಷ್ಟರಲ್ಲಿ ಝೆಲಿಪಾ ಕ್ಲಾಂಪಿನ ಹಿಡಿಯ ಮೇಲೆ ಇಡೀ ಮೈಭಾರ ಹಾಕಿ ಬಿದ್ದಳು. ಪೈಪು ಕಿರ್ರೆಂದು ನಿಂತಿತು.

"ಹಿಡಿ! ಬಿಡಬ್ಯಾಡ, ಹಿಡಿ!" ದಾನಿಯೇಲಪ್ಪ ಕನ್ನಡದಲ್ಲೇ ಕೂಗಿದ. ಯಾರೂ ಅದನ್ನು ತಿರುಗಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಇನ್ನೊಬ್ಬಳು ಓಡಿಬಂದು ಬೋಲ್ಟು ಬಿಗಿದಳು. ಬಿಗಿದಾದ ಮೇಲೆ ಝೆಲಿಪಾ ನೆಲದ ಮೇಲೇ ಕೂತು ನಕ್ಕಳು. ದಾನಿಯೇಲಪ್ಪ ಕೈಗಳನ್ನು ಮತ್ತೆ ಬೆನ್ನ ಹಿಂದೆ ಒಯ್ದ.

ಅಯ್ಯನವರು ಎಲ್ಲವನ್ನೂ ನೋಡುತ್ತ ನಿಂತಿದ್ದರು. ವಿಡಿಯೋ ಮಾಡಲು ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು.

ಮೂರನೆಯ ದಿನ ಹೆಂಗಸರು ವಾಷರ್ ಹಾಕಿ ಎಲ್ಲ ಜೋಡಿಸಿದರು. ಹಿಡಿಕೆ ಒತ್ತಿದರು. ನೀರು ಬರಲಿಲ್ಲ. ತುಂಬಿಸಿಟ್ಟ ಕೊಡಗಳು ಅಷ್ಟರಲ್ಲಿ ಖಾಲಿಯಾಗಿದ್ದವು. ಹುಡುಗಿಯರು ಮತ್ತೆ ಕ್ಯಾನು ಹಿಡಿದು ಹಳ್ಳಕ್ಕೆ ಹೊರಟರು. ಆ ಹೊತ್ತಿಗೆ ಎಲ್ಲರೂ ದಾನಿಯೇಲಪ್ಪನ ಮುಖವನ್ನೇ ನೋಡಿದರು. ಎಲ್ಲಿ ತಪ್ಪಾಗಿದೆ ಎಂಬುದು ಅವರು ಜೋಡಿಸುವಾಗಲೇ ಅವನಿಗೆ ಗೊತ್ತಾಗಿತ್ತು.

"ಹೇಳಿಬಿಡಪ್ಪಾ" ಎಂದು ಅಯ್ಯನವರೇ ಬೇಡಿಕೊಂಡರು.

"ಒಂದು ತಾಸು ತಡೀರಿ, ಅಯ್ಯನೋರ. ಅವರೇ ಹುಡುಕಲಿ."

ಆ ಒಂದು ತಾಸು ತಡೆಯುವುದು ದಾನಿಯೇಲಪ್ಪನಿಗೂ ಸುಲಭವಾಗಿರಲಿಲ್ಲ. ಹಳ್ಳದ ದಾರಿಯಲ್ಲಿ ಚಿಕ್ಕದಾಗುತ್ತ ಹೋಗುವ ಹುಡುಗಿಯರ ಬೆನ್ನು ಅವನಿಗೆ ಕಾಣಿಸುತ್ತಿತ್ತು. ಹೆಂಗಸರು ಪೈಪುಗಳನ್ನು ಮತ್ತೆ ಎಳೆದರು, ವಾದ ಮಾಡಿದರು, ಸಿಲಿಂಡರನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಎಲ್ಲರಿಗಿಂತ ಚಿಕ್ಕವಳು, ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದವಳು, ವಾಷರನ್ನು ಬೆರಳಲ್ಲಿ ಎತ್ತಿ ತೋರಿಸಿದಳು. ಅದನ್ನು ತಲೆಕೆಳಗಾಗಿ ಹಾಕಿದ್ದರು!

ಈ ಸಲ ಜೋಡಿಸಿ ಹಿಡಿಕೆ ಒತ್ತಿದಾಗ ನೀರು ಬಂತು. ಮೊದಲ ಸಲ ಬಂದಾಗ ಊರು ಕುಣಿದಿತ್ತು. ಈಗ ಆ ಏಳು ಹೆಂಗಸರು ಕುಣಿಯಲಿಲ್ಲ. ಗ್ರೀಸು ಮೆತ್ತಿದ ತಮ್ಮ ಕೈಗಳನ್ನು ನೋಡಿಕೊಂಡರು, ಒಬ್ಬರನ್ನೊಬ್ಬರು ನೋಡಿಕೊಂಡರು. ಝೆಲಿಪಾ ಮೊದಲ ಲೋಟ ನೀರನ್ನು ಆ ಚಿಕ್ಕ ತಾಯಿಗೆ ಕೊಟ್ಟಳು. ದಾನಿಯೇಲಪ್ಪನಿಗೆ ನೀರು ಸಿಕ್ಕಿದ್ದು ಕೊನೆಗೆ. ಅಷ್ಟು ರುಚಿಯಾದ ನೀರನ್ನು ತಾನು ಹುಟ್ಟಿದಾಗಿನಿಂದ ಕುಡಿದಿಲ್ಲ ಎಂದು ಅವನು ಆಮೇಲೆ ಹೇಳುತ್ತಿದ್ದ.

ಕೊನೆಯ ದಿನ ಪಂಪಿನ ಹತ್ತಿರ ಪ್ರಾರ್ಥನೆಯಾಯಿತು. ಅಯ್ಯನವರು ಉಪದೇಶವನ್ನು ಚಿಕ್ಕದು ಮಾಡಿದರು. "ನಾವು ನಿಮಗೆ ಕೊಡಲು ಬಂದೆವು ಅಂದುಕೊಂಡಿದ್ದೆ. ನಿಮ್ಮ ಜೊತೆ ಕಲಿತು ಹೋಗುತ್ತಿದ್ದೇವೆ" ಅಂದರು. ಆಮೇಲೆ ಆ ಏಳು ಹೆಂಗಸರನ್ನು ಪಾನಾಗಳ ಪೆಟ್ಟಿಗೆಯ ಜೊತೆ ಮುಂದೆ ನಿಲ್ಲಿಸಿ, ಅವರ ಕೆಲಸದ ಮೇಲೆ ದೇವರ ಆಶೀರ್ವಾದ ಬೇಡಿದರು. ದಾನಿಯೇಲಪ್ಪ ಎಂದಿನಂತೆ ಮೈಕಿನ ವೈರು ಹಿಡಿದು ಹಿಂದೆ ನಿಂತಿದ್ದ.

ತಂಡ ಊರಿಗೆ ಮರಳಿತು. ಒಂದು ವರ್ಷ ಕಳೆಯಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಿಸ್ಕಿಲ್ಲ ಫೋನು ಹಿಡಿದು ಓಡಿ ಬಂದಳು. ಮ್ವಾಲೆ ಮೇಷ್ಟ್ರು ಸಂದೇಶ ಕಳಿಸಿದ್ದರು. ಮಳೆಗಾಲದಲ್ಲಿ ಚಿಲಿಂಬೆಯ ಪಂಪು ಕೆಟ್ಟಿತ್ತಂತೆ. ಹೆಂಗಸರು ಬೆಳಗ್ಗೆ ಬಿಚ್ಚಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಜೋಡಿಸಿದರಂತೆ. ಹುಡುಗಿಯರು ಈಗ ದಿನವೂ ಶಾಲೆಯಲ್ಲಿರುತ್ತಾರಂತೆ. ಸುದ್ದಿ ಕೇಳಿ ಗುಡ್ಡದಾಚೆಯ ಇನ್ನೊಂದು ಊರಿನವರು ಝೆಲಿಪಾಳನ್ನು ಕರೆದುಕೊಂಡು ಹೋದರಂತೆ. ಅವಳು ಅಲ್ಲಿಯ ಪಂಪನ್ನು ಸರಿಮಾಡಲಿಲ್ಲವಂತೆ. ಅಲ್ಲಿಯ ಹೆಂಗಸರನ್ನು ಕೇಳಿ, ಒಪ್ಪಿಸಿ, ಅವರ ಕೈಯಿಂದಲೇ ಮಾಡಿಸಿದಳಂತೆ.

ದಾನಿಯೇಲಪ್ಪ ಮೈಮರೆತು ಕೇಳುತ್ತಿದ್ದ.

"ಕಾಕಾ, ಆ ಊರಿನವರಿಗೆ ನಿಮ್ಮ ಹೆಸರೂ ಗೊತ್ತಿಲ್ಲ ನೋಡ್ರಿ" ಎಂದು ಪ್ರಿಸ್ಕಿಲ್ಲ ತಮಾಷೆ ಮಾಡಿದಳು.

"ಗೊತ್ತಿಲ್ಲೇನು?" ಅಂದ ದಾನಿಯೇಲಪ್ಪ. ಅವನ ಸುಕ್ಕುಗಟ್ಟಿದ ಮುಖ ತುಂಬ ನಗು ಹರಡಿತು. "ಹಂಗಾದರ ಕೆಲಸ ಚಲೋ ಆಗೇತಿ ಬಿಡವ್ವ."

ನೀತಿ: ಮಕ್ಕಳೇ, ಇನ್ನೊಬ್ಬರ ಕಷ್ಟಕ್ಕೆ ಒದಗುವುದು ಒಳ್ಳೆಯದು. ಆದರೆ "ನಾನಿಲ್ಲದಿದ್ದರೆ ಇವರಿಗೆ ಆಗದು" ಎಂಬ ಹಿಗ್ಗು ಅದರೊಳಗೆ ಸೇರಿಕೊಂಡರೆ, ನಾವು ಮಾಡಿದ ಉಪಕಾರವೇ ಮುಂದೆ ಅವರಿಗೆ ಅಪಾಯವಾಗಬಹುದು. ಸಹಾಯ ಮಾಡುವ ಮುಂಚೆ ಅವರನ್ನು ಕೇಳಿ. ಮಾಡುವಾಗ ಅವರ ಕೈಗೆ ಕೆಲಸ ಕೊಡಿ. ಅವರು ತಪ್ಪು ಮಾಡಿದಾಗ ಕಾಯುವಷ್ಟು ತಾಳ್ಮೆ ಇರಲಿ. ನಾವು ಹೊರಟು ಬಂದ ಮೇಲೂ ನಿಲ್ಲದೆ ನಡೆಯುವ ಸೇವೆಯೇ ದೊಡ್ಡ ಸೇವೆ.